ಇನ್ನರ್ಧ ನಿಮಿಷ

ಏಳನೇ ನಂಬರ್ ಹಾಸಿಗೆಯಲ್ಲಿ ದೊಡ್ಡ ಸಿಸ್ಟರ್ ಬಲಗೈ ಚಾಚಿ, ಕಣ್ಣು ಮುಚ್ಚಿ, ಬಹಳ ಸಾಧುವಾಗಿ ಮಲಗಿದ್ದರು. ಅವರು ಸಾಧುವಾಗಿದ್ದಾರೆಂದರೆ ಏನೋ ಕಿತಾಪತಿ ನಡೆದಿದೆಯೆಂದೇ ಅರ್ಥ. ವಾರ್ಡಿನ ಹಳಬರಿಗೆಲ್ಲ ಇದು ಗೊತ್ತು. ಆದರೆ ಅವರ ಮಣಿಕಟ್ಟು ಹಿಡಿದು ನಿಂತಿದ್ದವಳು ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ನೋಡಲು ಪುಟ್ಟದಾಗಿದ್ದರಿಂದ ಎಲ್ಲರ ಬಾಯಲ್ಲೂ ಗುಬ್ಬಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದಳು. ಇವತ್ತೂ ಹೊಡೆದರೆ ಇಡೀ ವರ್ಷ ಕೈಬಿಟ್ಟು ಹೋಗುತ್ತಿತ್ತು.

ನಾಡಿ ಎಣಿಸಿ ಮುಗಿದರೂ ಗುಬ್ಬಿ ಕೈ ಬಿಡಲಿಲ್ಲ. ಉಸಿರು ಎಣಿಸುವ ಮರ್ಮವೇ ಅದು. ನಿಮ್ಮ ಉಸಿರು ಎಣಿಸುತ್ತೇನೆ ಎಂದು ಹೇಳಿಬಿಟ್ಟರೆ ಯಾರ ಉಸಿರೂ ಮೊದಲಿನಂತಿರುವುದಿಲ್ಲ. ಹಾಗಾಗಿ ಇನ್ನೂ ನಾಡಿ ನೋಡುತ್ತಿರುವವರಂತೆ ನಟಿಸಿ, ಎದೆಯ ಏರಿಳಿತವನ್ನು ಕದ್ದು ಎಣಿಸಬೇಕು. ಈ ಕಳ್ಳತನವನ್ನು ಇದೇ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕಲಿಸಿ ನಿವೃತ್ತರಾದವರು ಸ್ವತಃ ದೊಡ್ಡ ಸಿಸ್ಟರ್. ಈಗ ಎದೆಯಲ್ಲಿ ಕಫ ಕಟ್ಟಿ, ಸೋಂಕಾಗಿ, ತಮ್ಮ ವಾರ್ಡಿನಲ್ಲೇ ರೋಗಿಯಾಗಿ ಐದು ದಿನವಾಗಿತ್ತು. ಚಾರ್ಟು ಇವತ್ತೂ ಚೆನ್ನಾಗಿದ್ದರೆ ಮಧ್ಯಾಹ್ನ ಮನೆಗೆ ಕಳಿಸುತ್ತೇನೆಂದು ಡಾಕ್ಟರು ಮಾತು ಕೊಟ್ಟಿದ್ದರು. ಉಸಿರು ನಿಮಿಷಕ್ಕೆ ಹದಿನಾರಿದ್ದರೆ ಮನೆ, ಇಪ್ಪತ್ತು ದಾಟಿದರೆ ಇದೇ ಹಾಸಿಗೆ.

ಮೊದಲ ಅರ್ಧ ನಿಮಿಷಕ್ಕೆ ಎಂಟು. ಎರಡರಿಂದ ಗುಣಿಸಿದರೆ ಹದಿನಾರು, ಕೆಲಸ ಮುಗಿಯಿತು. ಆದರೆ ಹೋದ ಸಲ ಹಾಗೆ ಗುಣಿಸಿದ್ದಕ್ಕೇ ಪರೀಕ್ಷೆ ಮಾಡುವ ಟ್ಯೂಟರ್ ಮೇಡಂ ಅವಳನ್ನು ಫೇಲು ಮಾಡಿದ್ದರು. ಗುಬ್ಬಿ ಗಡಿಯಾರ ನೋಡುತ್ತ ನಿಂತೇ ಇದ್ದಳು. ದೊಡ್ಡ ಸಿಸ್ಟರ್ ಒಂದು ಕಣ್ಣು ತೆರೆದು, ಇವಳೇಕೆ ಇನ್ನೂ ಕೈ ಬಿಟ್ಟಿಲ್ಲ ಎಂಬಂತೆ ನೋಡಿದರು. ಅಷ್ಟರಲ್ಲಿ ಬಿಗಿಹಿಡಿದಿದ್ದ ಉಸಿರು ಕೈಕೊಟ್ಟಿತು. ಹೆಗಲು ಮೇಲೆದ್ದು, ಪಕ್ಕೆ ಒಳಗೆ ಸೇದಿಕೊಂಡು, ಉಳಿದ ಅರ್ಧ ನಿಮಿಷಕ್ಕೆ ಹದಿನಾರು. ಒಟ್ಟು ಇಪ್ಪತ್ತನಾಲ್ಕು.

“ಹದಿನಾರು ಅಂತ ಬರಿ ಮಗಳೇ,” ದೊಡ್ಡ ಸಿಸ್ಟರ್ ಪಿಸುಗುಟ್ಟಿದರು. “ನಿಮ್ಮ ಟ್ಯೂಟರ್ ನನ್ನ ಕೈಯಲ್ಲಿ ಕಲಿತವಳು. ನಿನ್ನ ಪಾಸು ನನಗೆ ಬಿಡು.”

ಮನೆಯಲ್ಲಿ ಅವರ ತಂಗಿ ಐದು ದಿನದಿಂದ ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸುತ್ತಿದ್ದಾಳಂತೆ. ಇನ್ನೆರಡು ದಿನ ಬಿಟ್ಟರೆ ತಮ್ಮ ಮನೆಯಲ್ಲೇ ಸಕ್ಕರೆ ಎಲ್ಲಿದೆಯೆಂದು ಇನ್ನೊಬ್ಬರನ್ನು ಕೇಳುವ ಗತಿ ಬರುತ್ತದಂತೆ. ಇದನ್ನು ಹೇಳುವಾಗ ಮೂರು ಮಾತಿಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಗುಬ್ಬಿಗೆ ಅವರ ಮೇಲೆ ಕನಿಕರ ಬಂತು, ತನ್ನ ಮೇಲೂ ಬಂತು. ಹದಿನಾರು ಎಂದರೆ ಇಬ್ಬರಿಗೂ ಸುಖ. ಪೆನ್ನಿನ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ನಿಂತು, ಕೊನೆಗೆ ಇಪ್ಪತ್ತನಾಲ್ಕು ಎಂದೇ ಬರೆದಳು.

ಟ್ಯೂಟರ್ ಮೇಡಂ ಬಂದರು, ಚಾರ್ಟು ನೋಡಿದರು, ಹುಬ್ಬು ಗಂಟಿಕ್ಕಿದರು. ಐದು ದಿನದಿಂದ ಎಲ್ಲರೂ ಹದಿನಾರು ಬರೆದಿರುವಾಗ ಇದೆಲ್ಲಿಂದ ಬಂತು ಎಂದು ತಾವೇ ಕೈ ಹಿಡಿದು ಎಣಿಸಿದರು. ಮೂವತ್ತು ಸೆಕೆಂಡು, ಎಂಟು ಉಸಿರು. ಕೈ ಬಿಟ್ಟು ಕೆಂಪು ಪೆನ್ನು ತೆಗೆದರು. ಕೊಟ್ಟ ಮಾತು ತಪ್ಪದ ದೊಡ್ಡ ಸಿಸ್ಟರ್, ಪಾಪ ಮಗು ಗಾಬರಿಯಾಗಿದೆ, ಹೇಗೋ ಪಾಸು ಮಾಡಿಬಿಡು ಎಂದು ಶಿಫಾರಸು ಮಾಡಿದರು. ಗುಬ್ಬಿ ಗಡಿಯಾರದತ್ತ ಕೈ ತೋರಿಸಿದಳು.

“ಮೇಡಂ, ಇನ್ನೊಂದು ಸಲ ಕೈ ಹಿಡೀರಿ,” ಅಂದಳು. “ಈ ಸಲ ಪೂರ್ತಿ ನಿಮಿಷ.”

ಟ್ಯೂಟರ್ ಮೇಡಂ ಮುಖ ಪೆನ್ನಿಗಿಂತ ಕೆಂಪಾಯಿತು. ಆದರೂ ಹಿಡಿದರು. ಅರ್ಧ ನಿಮಿಷ ದಾಟಿತು. ದೊಡ್ಡ ಸಿಸ್ಟರ್ ತುಟಿ ಬಿಗಿದು, ಫ್ಯಾನು ನೋಡುತ್ತ, ಮೂವತ್ತೈದು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ತಡೆದರು. ಎದೆ ಕೇಳಲಿಲ್ಲ. ಉಸಿರು ನುಗ್ಗಿ ಬಂತು, ಹಿಂದೆಯೇ ಕೆಮ್ಮು. ಗುಬ್ಬಿ ಓಡಿಹೋಗಿ ಮಂಚದ ತಲೆಭಾಗ ಎತ್ತರಿಸಿ, ಅವರನ್ನು ಕೂರಿಸಿ, ಬೆನ್ನಿಗೆ ಕೊಡಲೆಂದು ದಿಂಬು ಎಳೆದಳು. ಅದರಡಿ ಬೆಚ್ಚಗೆ ಮಲಗಿತ್ತು, ಮೊನ್ನೆಯಿಂದ ಇಡೀ ವಾರ್ಡು ಹುಡುಕುತ್ತಿದ್ದ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ.

ಮೂವರೂ ಅದನ್ನೇ ನೋಡಿದರು. ದೊಡ್ಡ ಸಿಸ್ಟರ್ ತಾವಾಗಿಯೇ ಅದನ್ನೆತ್ತಿ ತಮ್ಮ ಬೆರಳಿಗೆ ಸಿಕ್ಕಿಸಿಕೊಂಡರು. ಉಸಿರು ಹತೋಟಿಗೆ ಬಂದ ಮೇಲೆ, ಹುಡುಗಿಗೆ ಎಷ್ಟು ಮಾರ್ಕು ಕೊಟ್ಟೆ ಎಂದು ವಿಚಾರಿಸಿದರು. ಪೂರ್ತಿ ಕೊಟ್ಟಿದ್ದೇನೆ ಎಂದರು ಟ್ಯೂಟರ್ ಮೇಡಂ, ನೆಲ ನೋಡುತ್ತ.

“ನಿಮಗೆಲ್ಲ ಅರ್ಧರ್ಧ,” ಅಂದರು ದೊಡ್ಡ ಸಿಸ್ಟರ್. “ಐದು ದಿನದಲ್ಲಿ ಒಬ್ಬಳಾದ್ರೂ ನನ್ನ ಕೈಯನ್ನ ಪೂರ್ತಿ ಒಂದು ನಿಮಿಷ ಹಿಡಿದಿರಲಿಲ್ಲ.”

ಆಮೇಲೆ ಗುಬ್ಬಿಯನ್ನು ಹತ್ತಿರ ಕರೆದರು.

“ಹೋಗು, ನನ್ನ ತಂಗಿಗೆ ಫೋನ್ ಮಾಡು. ಡಬ್ಬಗಳ ಮೇಲೆ ಹೆಸರು ಬರೆದು ಅಂಟಿಸಿಡು ಅಂತ ಹೇಳು.”