ಮೂರು ಕಾಲಿನ ಓಟ

ಮಾಲೀಕ ಕುರಾಮೋಚಿ ಮೂರನೆಯ ರಾಜೀನಾಮೆ ಪತ್ರವನ್ನೂ ಓದದೆ ಎರಡು ಹೋಳು ಮಾಡಿ ಕಸದ ಬುಟ್ಟಿಗೆ ಹಾಕಿದ.

"ಏನಮ್ಮ ಶಿಯೋಮಿ, ಸೇರಿ ಎರಡು ತಿಂಗಳಿಲ್ಲ, ಬಿಟ್ಟು ಹೋಗ್ತೀನಿ ಅಂತೀಯಲ್ಲ. ಬೇರೆ ಕಡೆ ಆದ್ರೆ ಬಿಡು. ನಮ್ಮಲ್ಲೇ ಹೀಗಂತ ಗೊತ್ತಾದ್ರೆ ಒಸಾಕಾಗೆ ಒಸಾಕಾನೇ ನಗುತ್ತೆ."

ಚಿಗುಸಾ ಶಿಯೋಮಿ ತಲೆ ಬಾಗಿಸಿ ಕ್ಷಮೆ ಕೇಳಿದಳು. ಅದು ಅವಳಿಗೆ ಬಾಯಿಪಾಠ. ದಿನಕ್ಕೆ ಮೂವತ್ತು ಸಲ ಫೋನಿನಲ್ಲಿ ಯಾರ್ಯಾರದೋ ಬೈಗುಳ ಕೇಳಿ, ಕಾಣದವರಿಗೂ ತಲೆ ಬಾಗಿಸುವುದೇ ಅವಳ ಕೆಲಸ.

ಸಂದರ್ಶನದ ದಿನ ಇದೇ ಕುರಾಮೋಚಿ ಕೈಯಾರೆ ಚಹಾ ಬಗ್ಗಿಸಿ ಕೊಟ್ಟಿದ್ದ. ಆರಕ್ಕೆ ಮನೆ, ಶನಿವಾರ ರಜೆ ಎಂದಿದ್ದ. 'ಮನಸ್ಸಿಲ್ಲದ ಕಡೆ ಒಂದು ದಿನವೂ ಇರಬೇಡಿ' ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ. ಆ ಬರಹದ ಕೆಳಗೇ ಚಿಗುಸಾ ಏಳು ಶನಿವಾರ ಕಳೆದಿದ್ದಳು. ನಾಳೆ ಎಂಟನೆಯದು. ನಾಳೆಯೇ ಮಗಳು ಇತ್ಸುಕಿಯ ಶಾಲೆಯ ಆಟೋಟ. ತಾಯಿ-ಮಗಳು ಕಾಲಿಗೆ ಕಾಲು ಕಟ್ಟಿಕೊಂಡು ಓಡುವ ಮೂರು ಕಾಲಿನ ಓಟಕ್ಕೆ ಇತ್ಸುಕಿ ಇಬ್ಬರ ಹೆಸರನ್ನೂ ಕೊಟ್ಟು ಬಂದಿದ್ದಳು.

ಊಟದ ಹೊತ್ತಿಗೆ ಪಕ್ಕದ ಮೇಜಿನ ತೊಗಾಶಿ ಅಕ್ಕ ಮೆಟ್ಟಿಲ ಮೇಲೆ ಕೂತು ಅನ್ನದುಂಡೆ ಮುರಿದಳು.

"ನೀನೇ ಯಾಕೆ ಬಾಯಿ ನೋಯಿಸ್ಕೋತೀಯೇ? ನಮ್ಮ ಪರವಾಗಿ ಫೋನ್ ಮಾಡಿ ಕೆಲಸ ಬಿಡಿಸೋರು ಇದಾರಲ್ಲ. ಹೆಸರು ಬರ್ಕೊಟ್ರೆ ಸಾಕು."

"ನನ್ನ ಅರ್ಜಿ ತಗೋತಾರಾ ಅಕ್ಕ?"

"ತಗೊಳ್ದೆ ಏನು? ಯಾರನ್ನೂ ವಾಪಸ್ ಕಳಿಸಲ್ಲ ಅಂತ ರೈಲಲ್ಲೆಲ್ಲ ಜಾಹೀರಾತು ಅಂಟಿಸಿಲ್ವಾ?"

ಇಬ್ಬರೂ ಅನ್ನ ನೆತ್ತಿಗೇರುವಷ್ಟು ನಕ್ಕರು. ಚಿಗುಸಾ ಅಲ್ಲೇ ಮೊಬೈಲಿನಲ್ಲಿ ಅರ್ಜಿ ತುಂಬಿದಳು. ಕೆಲಸ ಬಿಡಲು ಕಾರಣ? 'ಓಟ' ಎಂದು ಬರೆದಳು.

ಒಂದು ಗಂಟೆಗೆ ಮೇಜಿಗೆ ಮರಳಿದಾಗ, ತೊಗಾಶಿ ಮಧ್ಯಾಹ್ನದ ಮೊದಲ ಅರ್ಜಿಯ ಚೀಟಿಯನ್ನು ಅವಳ ಮುಂದಿಟ್ಟಳು. "ಇದು ನಿಂದು. ಮಾಲೀಕ ಬಹಳ ಜೋರಂತೆ, ಹುಷಾರು."

ಚಿಗುಸಾ ಗಂಟಲು ಸರಿಮಾಡಿಕೊಂಡು ಸಂಖ್ಯೆ ಒತ್ತಿದಳು. ಎದುರಿನ ಮೇಜಿನ ಫೋನ್ ಬಡಿದುಕೊಂಡಿತು. ಕುರಾಮೋಚಿ ಎತ್ತಿದ.

"ನಮಸ್ಕಾರ ಸಾರ್, ಕೆಲಸ ಬಿಡಿಸಿಕೊಡೋ ನಿಮ್ಮದೇ ಕಚೇರಿಯಿಂದ ಮಾತಾಡ್ತಿದ್ದೀನಿ. ನಮ್ಮ ಗ್ರಾಹಕಿ ಚಿಗುಸಾ ಶಿಯೋಮಿ ನಾಳೆಯಿಂದ ಕೆಲಸಕ್ಕೆ ಬರೋದಿಲ್ಲ. ದಯವಿಟ್ಟು ಅವರನ್ನ ನೇರವಾಗಿ ಮಾತಾಡಿಸ್ಬೇಡಿ."