ಎಡಗೈಯ ಗೆರೆಗಳು

“ಮುರಿದು ಹಾಕಿ ಸ್ವಾಮಿ, ನನಗೇನೂ ಬೇಜಾರಿಲ್ಲ,” ಎನ್ನುತ್ತ ಚಿಕಮೋರಿ ತೊಮಿಯೆ ಕತ್ತಿಯನ್ನು ಮೇಜಿನ ಮೇಲಿಟ್ಟಳು.

ಜಪಾನಿನ ಕೊಚಿ ಪಟ್ಟಣದ ಸರ್ಕಾರಿ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಕತ್ತಿಗಳ ಪರೀಕ್ಷೆ ನಡೆಯುತ್ತದೆ. ತೊಮಿಯೆಯ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಹಳೆಯ ಕಣಜ ಕೆಡವಲೆಂದು ನೆಲದ ಹಲಗೆ ಕಿತ್ತಾಗ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಈ ಕತ್ತಿ ಸಿಕ್ಕಿತ್ತು. ಯುದ್ಧ ಸೋತ ವರ್ಷ, ಮನೆಯಲ್ಲಿರುವ ಕತ್ತಿಗಳನ್ನೆಲ್ಲ ಅಮೆರಿಕದ ಸೈನ್ಯಕ್ಕೆ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಅವನು ಬಚ್ಚಿಟ್ಟಿರಬೇಕು. ಜೊತೆಗೆ ಐವತ್ತು ವರ್ಷ ಉಂಡವಳಿಗೆ ಒಂದು ಮಾತೂ ಹೇಳಿರಲಿಲ್ಲ. ಆ ಸಿಟ್ಟು ತೊಮಿಯೆಗೆ ಇನ್ನೂ ಇಳಿದಿರಲಿಲ್ಲ.

ಪರೀಕ್ಷಕ ನಿಶಿಉಚಿ ಬಿದಿರಿನ ಮೊಳೆ ತಟ್ಟಿ ತೆಗೆದು, ಹಿಡಿಯಿಂದ ಅಲಗನ್ನು ಬಿಡಿಸಿದ. ಕಮ್ಮಾರ ಕೈಯಿಂದ ಬಡಿದು ಮಾಡಿದ್ದಾದರೆ ಕತ್ತಿಗೆ ನೋಂದಣಿ ಪತ್ರ ಸಿಗುತ್ತದೆ, ಅದು ಬದುಕುತ್ತದೆ. ಯುದ್ಧದ ಕಾಲದಲ್ಲಿ ಕಾರ್ಖಾನೆಯ ಪಟ್ಟಿ ಉಕ್ಕಿನಿಂದ ಸಾಲುಸಾಲಾಗಿ ಮಾಡಿದ್ದಾದರೆ ಗರಗಸದ ಪಾಲು. ಇದರ ಒರೆ ಸೈನ್ಯದ್ದು, ಹಿಡಿಯೂ ಸೈನ್ಯದ್ದು. ಅಲಗಿನ ತುಂಬ ತುಕ್ಕು. ಹಿಡಿಯೊಳಗೆ ಅಡಗಿದ್ದ ಬುಡದ ಮೇಲೆ ಮಾಡಿದವನ ಹೆಸರಿಲ್ಲ. ಪಕ್ಕದಲ್ಲಿದ್ದ ಗುಮಾಸ್ತ ಆಗಲೇ ತಿರಸ್ಕಾರದ ಮೊಹರಿಗೆ ಕೈ ಹಾಕಿದ್ದ. ನಿಶಿಉಚಿ ಅವನನ್ನು ತಡೆದ.

“ಇಲ್ಲಿ ನೋಡಿ ತಾಯಿ. ಬುಡಕ್ಕೆ ಅರ ಉಜ್ಜಿದ ಗೆರೆ. ನಾನು ನೋಡಿರೋ ಕತ್ತಿಗಳಲ್ಲೆಲ್ಲ ಈ ಕಡೆ ವಾಲಿರುತ್ತೆ. ಇದ್ರಲ್ಲಿ ಆ ಕಡೆ. ಮಾಡಿದೋನು ಎಡಚ.”

“ಎಡಚರು ಕತ್ತಿ ಮಾಡಬಾರ್ದಾ?”

“ಮಾಡಬಹುದು. ಆದ್ರೆ ಈ ಸೀಮೇಲಿ ಅಂಥವನೊಬ್ಬ ಇದ್ದ ಅಂತ ನಾನು ಕೇಳಿಲ್ಲ. ಯಾರ ಕಣ್ಣಿಗೂ ಬೀಳದ ಜಾಗ ಇದು. ಅಲ್ಲೂ ಒಂದು ಗೆರೆ ಇನ್ನೊಂದಕ್ಕೆ ತಾಗದ ಹಾಗೆ ಅರ ಹಾಕಿದಾನೆ. ಕಾರ್ಖಾನೇಲಿ ಅಷ್ಟು ಪುರುಸೊತ್ತು ಯಾರಿಗಿತ್ತು?”

ತೊಮಿಯೆ ಆ ಗೆರೆಗಳ ಮೇಲೆ ತನ್ನ ಎಡಗೈ ಬೆರಳಾಡಿಸಿದಳು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಊಟದ ಕಡ್ಡಿ ಹಿಡಿಯುತ್ತಾಳೆಂದು ಅವಳ ಅಜ್ಜಿ ಆ ಕೈಯನ್ನು ಸೊಂಟದ ಪಟ್ಟಿಗೆ ಬಿಗಿದು ಕಟ್ಟುತ್ತಿದ್ದಳು. ಮುರಿದು ಹಾಕಿ ಎಂದವಳೇ ಈಗ ಎಷ್ಟು ದಿನ ಅವಕಾಶ ಕೊಡುತ್ತೀರಿ ಎಂದು ಕೇಳಿದಳು. ಮುಂದಿನ ತಿಂಗಳ ಪರೀಕ್ಷೆಯವರೆಗೆ ಎಂದ ನಿಶಿಉಚಿ. ಅಷ್ಟರಲ್ಲಿ ಅಲಗಿನ ಎರಡು ಬೆರಳಗಲ ತುಕ್ಕು ಉಜ್ಜಿಸಿ ಒಳಗಿನ ಉಕ್ಕು ಹೇಗಿದೆ ನೋಡುವುದಾಗಿ ಹೇಳಿದ. ಬುಡದ ಮೇಲೆ ತೆಳು ಕಾಗದ ಹಾಸಿ, ಮಸಿಗಡ್ಡೆ ಉಜ್ಜಿ, ಗೆರೆಗಳ ಅಚ್ಚೊಂದನ್ನು ಅವಳ ಕೈಗೆ ಕೊಟ್ಟ.

ಮರುದಿನ ತೊಮಿಯೆ ಕಮ್ಮಾರರ ಊರಾದ ಯಮದಾಗೆ ಬಸ್ಸು ಹತ್ತಿದಳು. ಕುಡುಗೋಲು, ಮಚ್ಚು ಮಾಡುವ ಕುಲುಮೆಗಳ ಬಾಗಿಲಲ್ಲಿ ಒಂದೊಂದಾಗಿ ನಿಂತು ಕಾಗದ ಬಿಡಿಸಿದಳು. ಮೊದಲ ಮೂವರು ಗೊತ್ತಿಲ್ಲವೆಂದು ತಲೆಯಾಡಿಸಿದರು. ಅವರಲ್ಲೊಬ್ಬ, ಗಂಡನ ಹಳೇ ಗೆಳತಿಯ ಪತ್ರವೇನೋ ಎಂದು ಚುಡಾಯಿಸಿದ. ಗೆಳತಿಯಾಗಿದ್ದರೆ ಹುಡುಕುವುದು ಸುಲಭವಿತ್ತು ಎಂದು ಇವಳೂ ಬಿಡದೆ ಹೇಳಿದಳು.

ನಾಲ್ಕನೆಯವನು ಓಕಬಯಾಶಿ ಯೊಶಿಮಿ, ಐವತ್ತರ ಆಸುಪಾಸಿನವನು. ಅಚ್ಚನ್ನು ನೋಡಿದವನೇ ಯಂತ್ರದ ಸುತ್ತಿಗೆ ನಿಲ್ಲಿಸಿದ. ಗೂಡಿನಲ್ಲಿದ್ದ ಹಳೆಯ ಮಚ್ಚೊಂದನ್ನು ತೆಗೆದು ಅದರ ಮರದ ಹಿಡಿಯನ್ನು ಕಲ್ಲಿಗೆ ಕುಟ್ಟಿ ಬಿಡಿಸಿದ. ಒಳಗೆ ಅವೇ ಗೆರೆಗಳು, ಅದೇ ವಾಲು.

“ನಮ್ಮಪ್ಪ ಮಾಡಿದ್ದು ಇದು. ಆದ್ರೆ ಅಪ್ಪ ಯಾವತ್ತೂ ಕತ್ತಿ ಮಾಡಿಲ್ಲಮ್ಮ. ಕೇಳಿದಾಗೆಲ್ಲ ಇಲ್ಲ ಅಂತಲೇ ಹೇಳಿದ್ದು.”

ಅಪ್ಪ ತೊರಾಕಿಚಿ, ಎಪ್ಪತ್ತೆಂಟರ ಮುದುಕ, ಹಿತ್ತಲಲ್ಲಿ ಮೂಲಂಗಿ ತೊಳೆಯುತ್ತಿದ್ದ. ಒದ್ದೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡವನು ಬಹಳ ಹೊತ್ತು ಅದನ್ನು ಹಿಂದಿರುಗಿಸಲಿಲ್ಲ. ಆಮೇಲೆ ಮಗನ ಕಡೆ ನೋಡದೆಯೇ ಹೇಳತೊಡಗಿದ. ಪ್ರಾಯದಲ್ಲಿ ಅವನು ಕತ್ತಿ ಮಾಡುವ ಗುರುವೊಬ್ಬರ ಕೈಕೆಳಗೆ ಇದ್ದ. ಯುದ್ಧದ ಕೊನೆಯ ಚಳಿಗಾಲಗಳಲ್ಲಿ ನಾಲ್ಕು ಕತ್ತಿಗಳನ್ನು ತಾನೊಬ್ಬನೇ ಮಾಡಿ ಮುಗಿಸಿದ್ದ. ಎಡಗೈಯ ಕೆಲಸಕ್ಕೆ ಹೆಸರು ಕೆತ್ತುವುದು ಬೇಡ ಎಂದಿದ್ದರು ಗುರುಗಳು. ಸೋಲಿನ ನಂತರ ನಾಲ್ಕನ್ನೂ ಲಾರಿಗೆ ತುಂಬಿ ಒಯ್ದು ಸಮುದ್ರಕ್ಕೆ ಸುರಿದರೆಂದು ಸುದ್ದಿ ಬಂತು.

“ತೋರ್ಸೋಕೆ ಒಂದೂ ಇಲ್ಲ. ಮಾಡಿದ್ದೆ ಅಂದ್ರೆ ಯಾರು ನಂಬ್ತಾರೆ?” ಎಂದ.

“ಒಂದನ್ನ ನನ್ನ ಗಂಡ ಬಚ್ಚಿಟ್ಟಿದ್ದ,” ಎಂದಳು ತೊಮಿಯೆ. ಗಂಡನ ಆ ಕಳ್ಳತನದ ಬಗ್ಗೆ ಹೇಳುವಾಗ ತನ್ನ ದನಿಯಲ್ಲಿ ಹೆಮ್ಮೆ ಇದ್ದದ್ದು ಅವಳಿಗೇ ಆಶ್ಚರ್ಯವಾಯಿತು.

ಮುಂದಿನ ಪರೀಕ್ಷೆಗೆ ಮೂವರೂ ಹೋದರು. ನಿಶಿಉಚಿ ಅಲಗನ್ನು ದೀಪಕ್ಕೆ ಹಿಡಿದು ತೋರಿಸಿದ. ತುಕ್ಕು ಉಜ್ಜಿದ ಎರಡು ಬೆರಳಗಲದಲ್ಲಿ, ಮತ್ತೆಮತ್ತೆ ಮಡಿಸಿ ಬಡಿದ ಉಕ್ಕಿನ ಪದರಗಳು ಮರದ ಹಲಗೆಯ ಎಳೆಗಳಂತೆ ಹರಿದಿದ್ದವು. ಸಂಶಯವಿಲ್ಲ, ಕೈಯ ಕೆಲಸ, ಪತ್ರ ಕೊಡುತ್ತೇನೆ ಎಂದ. ಪತ್ರದಲ್ಲಿ ಕಮ್ಮಾರನ ಹೆಸರಿನ ಜಾಗಕ್ಕೆ ಬಂದಾಗ ಮಾತ್ರ ‘ಇಲ್ಲ’ ಎಂದು ಬರೆದ.

“ಮನುಷ್ಯ ಎದುರಿಗೇ ಕೂತಿದಾನಲ್ರೀ,” ಎಂದಳು ತೊಮಿಯೆ.

ಕಬ್ಬಿಣದ ಮೇಲೆ ಇಲ್ಲದ್ದನ್ನು ಬರೆಯಲು ಕಾನೂನು ಬಿಡುವುದಿಲ್ಲ ಎಂದು ನಿಶಿಉಚಿ ಕ್ಷಮೆ ಕೇಳಿದ. ಆಮೇಲೆ ಕುರ್ಚಿಯಿಂದೆದ್ದು, ಮುದುಕನ ಮುಂದೆ ನಿಂತು ಸೊಂಟದವರೆಗೆ ಬಾಗಿದ.

ತೊರಾಕಿಚಿ ಅದನ್ನು ನೋಡಲೇ ಇಲ್ಲ. ಅವನು ಅಲಗನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ, ಉಜ್ಜಿದ ಜಾಗದ ಅಂಚಿನಲ್ಲಿ ಕೂದಲೆಳೆಯಷ್ಟು ಮಸುಕಾದ ಒಂದು ಕಲೆಯನ್ನು ಉಗುರಿನಿಂದ ತೋರಿಸುತ್ತಿದ್ದ. ತಿಂಗಳೆಲ್ಲ ಭೂತಗನ್ನಡಿ ಹಿಡಿದು ಕೂತಿದ್ದ ಪರೀಕ್ಷಕನಿಗೂ ಅದು ಕಂಡಿರಲಿಲ್ಲ.

“ಕಾಯಿಸಿ ಅದ್ದಿದಾಗ ನೀರು ತುಸು ಬೆಚ್ಚಗಿತ್ತು. ಇಲ್ಲಿ ಹದ ತಪ್ಪಿದೆ. ಮುಂದಿನದ್ರಲ್ಲಿ ಸರಿ ಮಾಡೋಣ ಅಂದ್ಕೊಂಡಿದ್ದೆ,” ಎಂದ. ಅಲಗನ್ನು ಮೇಜಿನ ಮೇಲಿಟ್ಟು ಮಗನ ಕಡೆ ತಿರುಗಿದ.

“ಯೊಶಿಮಿ, ಮನೇಲಿ ಇದ್ದಲು ಎಷ್ಟಿದೆಯೋ?”