ಹೆಬ್ಬಟ್ಟಿನ ಕಾಗದ

ಕೋರ್ಟಿನಲ್ಲಿ ನನ್ನ ಮೇಜಿನ ಮೇಲಿನ ಇಂಕ್ ಪ್ಯಾಡಿನ ಮುಚ್ಚಳ ತೆಗೆದಾಗಲೆಲ್ಲ, ಇವತ್ತಿಗೂ, ಗದ್ದೆಯ ಕೆಸರಿನ ವಾಸನೆಯೂ ಜೊತೆಗೇ ಬರುತ್ತದೆ.

ಸಿದ್ದಾಪುರದ ಕಡೆ ಭತ್ತದ ನಾಟಿ ನಡೆದಿತ್ತು. ಎರಡನೇ ತರಗತಿಯ ನಾನು ಶಾಲೆ ತಪ್ಪಿಸಿ ಅವ್ವನ ಜೊತೆ ಸಸಿ ಹಚ್ಚುತ್ತಿದ್ದೆ. ಗದ್ದೆಯ ಒಡೆಯರ ಪಂಪಿನ ಮೋಟರು ಕಳುವಾಗಿದೆಯೆಂದು, ಅನುಮಾನದ ಮೇಲೆ ಹಿಂದಿನ ದಿನ ಪೊಲೀಸರು ಅಪ್ಪನನ್ನು ಕರೆದೊಯ್ದಿದ್ದರು. ಆ ಮಧ್ಯಾಹ್ನ ಒಬ್ಬ ಪೊಲೀಸ ಕಾಗದ, ಇಂಕ್ ಪ್ಯಾಡು ಹಿಡಿದು ಬದುವಿಗೆ ಬಂದ.

“ಇದಕ್ಕ ಹೆಬ್ಬಟ್ಟು ಒತ್ತವಾ, ನಿನ್ನ ಗಂಡನ್ನ ಬಿಡ್ತಾರ.”

ಅವ್ವ ನನ್ನತ್ತ ತಿರುಗಿದಳು. “ಏನ್ ಬರದಾರ, ಓದವಾ.”

ಅಷ್ಟೂ ಅಕ್ಷರಗಳ ನಡುವೆ ನನಗೆ ಓದಲು ಬಂದದ್ದು ಒಂದೇ ಪದ. “ಅಪ್ಪನ ಹೆಸರು ಐತಿ, ಯವ್ವಾ!”

ಅವ್ವನ ಮುಖ ಅರಳಿತು. ವಾರಗಟ್ಟಲೆ ನೀರಲ್ಲಿ ನೆಂದು ಸವೆದಿದ್ದ ಅವಳ ಹೆಬ್ಬೆರಳಿನ ಗುರುತು ಎರಡು ಸಲ ಒತ್ತಿದರೂ ಮೂಡಲಿಲ್ಲ. ಬೆರಳನ್ನು ಸೆರಗಿಗೆ ಉಜ್ಜಿ, ಉಸಿರು ಬಿಗಿಹಿಡಿದು ಮೂರನೇ ಸಲ ಒತ್ತಿದಳು. ಮೂಡಿತು.

ಸಂಜೆ ದಾರಿಯುದ್ದಕ್ಕೂ ಕಂಡವರಿಗೆಲ್ಲ ಹೇಳಿದಳು, “ನಮ್ಮಾಕಿ ಪೊಲೀಸರ ಕಾಗದಾನ ಓದಿದ್ಲು ನೋಡ್ರಿ.”

ಮೋಟರು ನಮ್ಮ ಮನೆಯಲ್ಲೇ ಸಿಕ್ಕಿತೆಂದು ಅದರಲ್ಲಿ ಬರೆದಿತ್ತಂತೆ.

ಅಪ್ಪ ಜೈಲಿನಿಂದ ಬಂದಾಗ ನಾನು ಐದನೇ ತರಗತಿಯಲ್ಲಿದ್ದೆ.